ಯಾ ಸೈಡ್ ತಗೊಂಡಿ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಎಂ.ಕೆ. ಹುಬ್ಬಳ್ಳಿಯಿಂದ ಹಿಡಿದು ಬೈಲಹೊಂಗಲ, ಸವದತ್ತಿ, ರಾಮದುರ್ಗದ ತನಕ ಯಾವ ಊರಿನ ಕಟ್ಟೆಗೆ ಹೋದರೂ ಕಿವಿಗೆ ಬೀಳುವ ಮಾತು ಒಂದೇ: ‘ಯಾ ಸೈಡ್ ತಗೊಂಡಿ?’ ಸೈನ್ಸ್ ಸೈಡೋ, ಕಾಮರ್ಸೋ, ಆರ್ಟ್ಸೋ. ನನ್ನ ತಲೆಮಾರಿನವರು ಹದಿನಾರು ವರ್ಷದವರಾಗಿದ್ದಾಗಲೂ ಇದೇ ಪ್ರಶ್ನೆ ಇತ್ತು, ಇವತ್ತಿಗೂ ಒಂದಕ್ಷರ ಬದಲಾಗಿಲ್ಲ. ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ, ‘ಮುಂದ ಏನ್ ಆಗಾಂವ?’ ಎಂಬುದು. ಅದಕ್ಕೆ ಒಂದು ನೌಕರಿಯ ಹೆಸರನ್ನೇ ಉತ್ತರವಾಗಿ ಕೊಡಬೇಕು. ಡಾಕ್ಟರ್, ಇಂಜಿನಿಯರ್, ಮಾಸ್ತರ, ಪಿಎಸ್‌ಐ ಯಾವುದಾದರೂ ನಡೆಯುತ್ತದೆ. ‘ಇನ್ನಾ ಗೊತ್ತಿಲ್ರಿ ಕಾಕಾ’ ಎಂದರೆ ಮಾತ್ರ ಹುಡುಗನಲ್ಲಿ ಏನೋ ಕೊರತೆ ಇದೆ ಎಂಬಂತೆ ಹಿರಿಯರು ಮುಖ ನೋಡುತ್ತಾರೆ. ಆ ವಯಸ್ಸಿನ ಬಹುಪಾಲು ಮಕ್ಕಳ ಮಟ್ಟಿಗೆ ಅದೇ ಪ್ರಾಮಾಣಿಕ ಉತ್ತರ. ಗೊತ್ತಿಲ್ಲದವನು ವಿಷಯವನ್ನು ಹೇಗೆ ಆರಿಸಬೇಕು ಎಂಬುದನ್ನು ನಮ್ಮ ಭಾಗದಲ್ಲಿ ಯಾರೂ ಗಂಭೀರವಾಗಿ ಯೋಚಿಸಲಿಲ್ಲ. ಗೊತ್ತಿರುವವನು ಹೇಗೆ ಆರಿಸಬೇಕು ಎಂಬುದಕ್ಕೇ ಎಲ್ಲ ಸಲಹೆಗಳೂ ಮೀಸಲಾಗಿದ್ದವು.

ಹಿಂತಿರುಗಿ ನೋಡಿದರೆ, ಆಯ್ಕೆ ಎಂದು ನಾವು ಕರೆಯುತ್ತಿದ್ದುದು ಹೆಚ್ಚಿನ ಮನೆಗಳಲ್ಲಿ ಆಯ್ಕೆಯೇ ಆಗಿರಲಿಲ್ಲ. ಎಂ.ಕೆ. ಹುಬ್ಬಳ್ಳಿ ಹೆದ್ದಾರಿಯ ಮೇಲಿನ ಊರು, ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಧಾರವಾಡ. ಹಾಗಾಗಿ ಇಲ್ಲಿಯವರಿಗೆ ಎರಡೂ ದಿಕ್ಕಿಗೆ ಬಸ್ಸಿತ್ತು. ಹೆದ್ದಾರಿಯಿಂದ ಒಳಗಿರುವ ಹಳ್ಳಿಗಳಿಗೆ ಆ ಅನುಕೂಲವೂ ಇರಲಿಲ್ಲ. ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇದ್ದರೆ ಆ ಸುತ್ತಿನ ಹುಡುಗಿಯರಿಗೆಲ್ಲ ಕಲೆಯಲ್ಲಿ ಆಸಕ್ತಿ ಹುಟ್ಟಿಬಿಡುತ್ತಿತ್ತು! ವಿಜ್ಞಾನದವರಿಗೆ ಮಧ್ಯಾಹ್ನದ ಮೇಲೆ ಪ್ರಾಕ್ಟಿಕಲ್ ಇರುತ್ತದೆ. ಅದು ಮುಗಿದು ಕೊನೆಯ ಬಸ್ ಹಿಡಿದರೆ ಮನೆ ಮುಟ್ಟುವಾಗ ಕತ್ತಲು, ಆ ಕತ್ತಲಿಗೆ ಹೆದರಿ ಎಷ್ಟೋ ಮನೆಗಳು ಮಗಳ ಸೈಡನ್ನು ನಿರ್ಧರಿಸಿವೆ. ಗಂಡುಮಕ್ಕಳ ವಿಷಯದಲ್ಲಿ ಆ ಕೆಲಸವನ್ನು ಅಂಕಪಟ್ಟಿ ಮಾಡುತ್ತಿತ್ತು. 625ಕ್ಕೆ ಒಳ್ಳೆಯ ಅಂಕ ಬಂದವನು ಸೈನ್ಸ್, ನಡುವಿನವನು ಕಾಮರ್ಸ್, ಉಳಿದವನು ಆರ್ಟ್ಸ್. ಕನ್ನಡದಲ್ಲಿ ಮತ್ತು ಸಮಾಜ ವಿಜ್ಞಾನದಲ್ಲಿ ಬಂದ ಅಂಕಗಳ ಬಲದ ಮೇಲೆ ಒಟ್ಟು ಶೇಕಡಾವಾರು ಏರಿದ ಹುಡುಗನನ್ನೂ ಸೈನ್ಸಿಗೆ ನೂಕಿದ್ದೇವೆ, ಯಾವುದರಲ್ಲಿ ಏರಿತು ಎಂದು ನೋಡುವ ಗೋಜಿಗೆ ಹೋಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದಾಯಿತು. ಬಸ್ಸಿನ ದುಡ್ಡು ಎಂಬ ನೆಪ ಹೋಯಿತು, ಕತ್ತಲು ಎಂಬ ನೆಪ ಉಳಿದಿದೆ.

ಇನ್ನು ಭವಿಷ್ಯ ನುಡಿಯುವ ವಿದ್ಯೆ. ಯಾವ ಕೋರ್ಸಿಗೆ ಮುಂದೆ ಬೆಲೆ ಬರುತ್ತದೆ ಎಂದು ಹೇಳಬಲ್ಲ ಒಬ್ಬ ಮಾಮಾ ಪ್ರತಿ ಮನೆಯಲ್ಲೂ ಇರುತ್ತಾನೆ. ಅವನ ಮಾತಿನ ಫಲವನ್ನು ಈಗ ಕೂತು ತಾಳೆ ನೋಡಬಹುದು. ಒಂದು ಕಾಲಕ್ಕೆ ಟಿ.ಸಿ.ಎಚ್. ಎಂದರೆ ಕೈಗೆ ಬಂದ ನೌಕರಿ. ಅಂಕಗಳ ಮೇಲೆ ಪ್ರಾಥಮಿಕ ಶಾಲೆಗೆ ಮಾಸ್ತರರನ್ನು ತೆಗೆದುಕೊಳ್ಳುತ್ತಿದ್ದ ದಿನಗಳಲ್ಲಿ ಅದರ ಸೀಟಿಗಾಗಿ ಜನ ಮುಗಿಬಿದ್ದರು. ಮುಂದೆ ಅದೇ ಡಿ.ಎಡ್. ಆಯಿತು, ಊರೂರಿಗೆ ಖಾಸಗಿ ಕಾಲೇಜು ಎದ್ದವು, ನೇಮಕಾತಿ ನಿಧಾನವಾಯಿತು, ಅದರ ಮೇಲೆ ಟಿಇಟಿ ಬಂತು, ಕೊನೆಗೆ ಸೀಟುಗಳು ಖಾಲಿ ಬಿದ್ದು ಕಾಲೇಜುಗಳು ಬೀಗ ಹಾಕಿದವು. ಜೆ.ಓ.ಸಿ. ಎಂಬ ವೃತ್ತಿ ಶಿಕ್ಷಣದ ಕೋರ್ಸುಗಳು ಪಿಯುಸಿಗೆ ಬದಲಿ ಎಂದು ಬಂದವು, ಹೋದವು. ಪಿ.ಸಿ.ಎಂ. ಜೊತೆ ಎಲೆಕ್ಟ್ರಾನಿಕ್ಸ್ ಸಿಕ್ಕರೆ ಅದೃಷ್ಟ ಎನ್ನುವ ಕಾಲವೂ ಇತ್ತು, ಆ ಜಾಗವನ್ನು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿತು. ವೈದ್ಯಕೀಯಕ್ಕೆ ರಾಜ್ಯದ ಸಿಇಟಿ ಹೋಗಿ ನೀಟ್ ಬಂತು. ಪಿಯುಸಿಯಲ್ಲಿ ಬಯಾಲಜಿ ಇಲ್ಲದವನಿಗೆ ಆ ಬಾಗಿಲು ಮುಚ್ಚಿದ್ದೇ ಎಂದು ನಾವೆಲ್ಲ ನಂಬಿದ್ದೆವು. ಆದರೆ ಅದನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಓದಿ ಪಾಸಾದವರಿಗೂ ನೀಟ್ ಬರೆಯಲು ಅವಕಾಶವಿದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿತು. ಹದಿನಾರರಲ್ಲಿ ಮಾಡಿದ ಆಯ್ಕೆ ಫಲ ಕೊಡುವುದು ಇಪ್ಪತ್ತೆರಡು, ಇಪ್ಪತ್ತನಾಲ್ಕರಲ್ಲಿ. ಅಷ್ಟರೊಳಗೆ ನೇಮಕಾತಿಯ ನಿಯಮವೂ ಪೇಟೆಯ ಬೇಡಿಕೆಯೂ ಎರಡು ಸಲ ಮಗ್ಗುಲು ಬದಲಿಸಿರುತ್ತವೆ. ನೌಕರಿಯ ಹೆಸರು ಹಿಡಿದು ವಿಷಯ ಆರಿಸಿದವನು ಗೊತ್ತಿಲ್ಲ ಎಂದವನಿಗಿಂತ ಹೆಚ್ಚು ತಿಳಿದವನೇನಲ್ಲ, ಧೈರ್ಯ ಮಾತ್ರ ಹೆಚ್ಚು.

ಇಷ್ಟು ಬೇಗ ದಾರಿ ಕವಲೊಡೆಸುವುದು ಸರಿಯೇ ಎಂಬ ಚರ್ಚೆ ದೇಶದ ಮಟ್ಟದಲ್ಲಿ ಆಗಿದೆ, ಅದೂ ಎರಡು ವಿರುದ್ಧ ತೀರ್ಮಾನಗಳೊಂದಿಗೆ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1953ರಲ್ಲಿ, ಹೈಸ್ಕೂಲಿನಲ್ಲೇ ಮಕ್ಕಳನ್ನು ಏಳು ಗುಂಪುಗಳಲ್ಲಿ ಹಂಚಬಹುದು ಎಂದಿತು: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ಅದಕ್ಕೆಂದೇ ಬಹೂದ್ದೇಶ ಶಾಲೆಗಳು ಹುಟ್ಟಿದವು. ಹದಿಮೂರೇ ವರ್ಷಗಳಲ್ಲಿ, 1966ರಲ್ಲಿ, ಕೊಠಾರಿ ಆಯೋಗ ಅದನ್ನು ತಿರುಗಿಸಿತು. ಮೊದಲ ಹತ್ತು ವರ್ಷ ಎಲ್ಲರಿಗೂ ಒಂದೇ ಪಾಠ ಸಾಕು, ವಿಶೇಷ ಅಧ್ಯಯನ ಆಮೇಲೆ ಎಂಬುದು ಅದರ ನಿಲುವು. ನಮ್ಮ ಈಗಿನ ಹತ್ತನೆಯ ತರಗತಿಯ ಗೆರೆ ಅಲ್ಲಿಂದ ಬಂದದ್ದು. ಕವಲೊಡೆಯುವ ವಯಸ್ಸು ಪ್ರಕೃತಿ ನಿಯಮವಲ್ಲ, ಸಮಿತಿಗಳು ಎಳೆದ ಗೆರೆ. ಮಗುವಿಗೆ ಆ ಗೆರೆಯ ಹೊತ್ತಿಗೆ ಸರಿಯಾಗಿ ತನ್ನ ಬದುಕಿನ ದಾರಿ ಹೊಳೆಯಬೇಕು ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ಹಿರಿಯರ ಹತ್ತಿರ ಇದಕ್ಕೊಂದು ಸಿದ್ಧ ಪರಿಹಾರವಿತ್ತು: ‘ಸೈನ್ಸ್ ತಗೊಂಡಬಿಡು, ಅಲ್ಲಿಂದ ಎಲ್ಲಾ ಕಡೆ ಹೋಗಾಕ ಬರ್ತೈತಿ.’ ಇದರಲ್ಲಿ ಅರ್ಧ ನಿಜವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಪಿ.ಸಿ.ಎಂ.ಬಿ. ಓದಿದವಳು ಬಿ.ಎ.ಗೂ ಹೋಗಬಹುದು, ಬಿ.ಕಾಂ.ಗೂ ಹೋಗಬಹುದು, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಬಹುದು. ಕಲಾ ವಿಭಾಗದ ಎಚ್.ಇ.ಪಿ.ಎಸ್. ಓದಿದವಳು ಇಂಜಿನಿಯರಿಂಗ್ ಕಡೆಗೆ ತಿರುಗಲಾರಳು. ಆದರೆ ಬಾಗಿಲು ಇರುವುದು ಬೇರೆ, ಅದರೊಳಗೆ ಹೋಗಲು ಆಗುವುದು ಬೇರೆ. ಇಂಜಿನಿಯರಿಂಗ್ ಅರ್ಹತೆಗೆ ಸಾಮಾನ್ಯ ವರ್ಗದವರಿಗೆ ಪಿ.ಸಿ.ಎಂ.ನಲ್ಲಿ ಶೇ. 45 ಬೇಕು, ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕನ್ನಡ ಮಾಧ್ಯಮದಲ್ಲಿ ಹತ್ತರ ತನಕ ಓದಿ, ಜೂನ್‌ನಲ್ಲಿ ಏಕಾಏಕಿ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕೇಳಿ, ಎರಡು ವರ್ಷ ಏದುಸಿರು ಬಿಟ್ಟು ಪಾಸಾಗುವಷ್ಟೇ ಅಂಕ ತೆಗೆದವನಿಗೆ ಯಾವ ಬಾಗಿಲು ತೆರೆದಿತ್ತು? ಅವನು ಕೊನೆಗೆ ಬಿ.ಎ.ಗೇ ಬಂದ, ಅದೂ ಕಡಿಮೆ ಅಂಕ ಮತ್ತು ಕುಗ್ಗಿದ ಮನಸ್ಸಿನೊಂದಿಗೆ. ಇನ್ನೊಂದು ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ. ಬಹಳ ವರ್ಷ ಗ್ರಾಮ ಲೆಕ್ಕಾಧಿಕಾರಿ ಹುದ್ದೆಗೆ ಆಯ್ಕೆ ನಡೆದದ್ದು ಪಿಯುಸಿ ಅಂಕಗಳ ಮೇಲೆ. ಯಾವ ಸೈಡ್ ಎಂದು ಅಲ್ಲಿ ಕೇಳುತ್ತಿರಲಿಲ್ಲ. ಆರ್ಟ್ಸ್‌ನಲ್ಲಿ ತೊಂಬತ್ತು ತೆಗೆದವಳು ಸೈನ್ಸ್‌ನಲ್ಲಿ ಐವತ್ತು ತೆಗೆದವನನ್ನು ಹಿಂದೆ ಹಾಕಿ ಆ ಖುರ್ಚಿಯಲ್ಲಿ ಕೂತಳು. ಎಲ್ಲ ದಾರಿಯನ್ನೂ ತೆರೆದಿಡಲು ಹೊರಟ ಸಲಹೆ ಕಣ್ಣೆದುರಿನ ಒಂದು ದಾರಿಯನ್ನು ಮುಚ್ಚಿತ್ತು.

ಹಾಗಾದರೆ ತಿಳಿಯದವನು ಏನನ್ನು ನೋಡಿ ಆರಿಸಬೇಕು? ನನ್ನ ವಾದ ಇಷ್ಟೇ: ಯಾವ ವಿಷಯ ಮುಂದೆ ಯಾವ ನೌಕರಿ ಕೊಡುತ್ತದೆ ಎಂದು ಲೆಕ್ಕ ಹಾಕುವುದಕ್ಕಿಂತ, ಯಾವ ವಿಷಯವನ್ನು ಈಗ ಬಿಟ್ಟರೆ ಮತ್ತೆ ಹಿಡಿಯಲು ಕಷ್ಟ ಎಂದು ನೋಡಬೇಕು. ಹಿಡಿಯಲು ಕಷ್ಟವಾದದ್ದನ್ನು ಇಟ್ಟುಕೊಳ್ಳಬೇಕು, ಮಿಕ್ಕದ್ದರಲ್ಲಿ ತನಗೆ ಒಗ್ಗುವುದನ್ನು ಆರಿಸಬೇಕು. ಈ ಅಳತೆಗೆ ಹಾಕಿದರೆ ಮೊದಲು ನಿಲ್ಲುವುದು ಗಣಿತ. ಮೂವತ್ತರ ವಯಸ್ಸಿನಲ್ಲಿ ಇತಿಹಾಸ ಓದಲು ಶುರು ಮಾಡಿ ಅದರಲ್ಲಿ ಮುಳುಗಿದವರು ನಮ್ಮ ಊರುಗಳಲ್ಲಿ ಸಿಗುತ್ತಾರೆ. ಮೂವತ್ತರಲ್ಲಿ ಕಲನಶಾಸ್ತ್ರ ಹಿಡಿದವರನ್ನು ಹುಡುಕಬೇಕಾಗುತ್ತದೆ. ಈ ಮಾತಿಗೆ ನಮ್ಮ ಸುತ್ತಲೇ ಸಾಕ್ಷಿಗಳಿವೆ. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. ಬದುಕಿನ ಬಹುಭಾಗ ಅವರು ಮಾಡಿದ್ದು ಆಡಳಿತ: ಮುಂಬಯಿ ಪ್ರಾಂತದ ಶಿಕ್ಷಣ ನಿರ್ದೇಶಕರು, 1954ರಿಂದ 1967ರ ತನಕ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲರು. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಿಂದ 1958ರಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. ಅವರ ‘ಯಯಾತಿ’ ನಾಟಕಕ್ಕೂ ಸಂಖ್ಯಾಶಾಸ್ತ್ರಕ್ಕೂ ಸಂಬಂಧ ಹುಡುಕಬೇಕಿಲ್ಲ. ಗಣಿತದಿಂದ ಅತ್ತ ದಾಟಿದ್ದು ಮುಖ್ಯ. ಇನ್ನು ಎದುರಿನ ದಿಕ್ಕಿಗೆ ಶಂಬಾ ಜೋಶಿ. ಸವದತ್ತಿ ಬದಿಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿ, ಶಾಲಾ ಮಾಸ್ತರಿಕೆ ಮಾಡುತ್ತಲೇ ಕನ್ನಡ ನಾಡಿನ ಬೇರುಗಳನ್ನು ತಾವೇ ಕೆದಕಿ ಬರೆದವರು. ಆ ದುಡಿಮೆಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಸ್ಕೃತಿ ಸಂಶೋಧನೆಗೆ ಹೀಗೆ ಹೊರಗಿನಿಂದ ಬಂದು ಹೊಕ್ಕವರಿದ್ದಾರೆ, ಗಣಿತಕ್ಕೆ ಹಾಗೆ ಬಂದವರು ಅಪರೂಪ.

ಇಲ್ಲಿ ಓದುಗರು ತಡೆಯುತ್ತಾರೆ, ತಡೆಯಲೇಬೇಕು. ಪಾವಟೆ, ಕಾರ್ನಾಡ, ಶಂಬಾ ಲಕ್ಷಕ್ಕೊಬ್ಬರು. ಅವರನ್ನು ತೋರಿಸಿ ಕಬ್ಬು ಬೆಳೆಯುವವರ ಮಗಳಿಗೆ ಬುದ್ಧಿ ಹೇಳುವುದು ಸುಲಭ. ಒಪ್ಪುತ್ತೇನೆ, ಹಾಗಾಗಿ ಕಬ್ಬಿನ ಕಡೆಗೇ ಬರುತ್ತೇನೆ. ಎಂ.ಕೆ. ಹುಬ್ಬಳ್ಳಿ ಎಂದರೆ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರು. ಇಲ್ಲಿ ಕಬ್ಬಿನ ಬಿಲ್ಲು ಕಾಣದ ಮನೆ ಕಡಿಮೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಎಫ್‌ಆರ್‌ಪಿ ದರವನ್ನೇ ತೆಗೆದುಕೊಳ್ಳಿ. ಸಕ್ಕರೆ ರಿಕವರಿ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ಶೇ. 10.25 ಇದ್ದರೆ ಕ್ವಿಂಟಲ್‌ಗೆ 340 ರೂಪಾಯಿ. ಅದರ ಮೇಲೆ ರಿಕವರಿ 0.1 ಏರಿದರೆ 3 ರೂಪಾಯಿ 32 ಪೈಸೆ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ, ಆದರೆ ಶೇ. 9.5ರ ಕೆಳಗೆ ಎಷ್ಟೇ ಇಳಿದರೂ 315 ರೂಪಾಯಿ 10 ಪೈಸೆಗೆ ಮೋಸವಿಲ್ಲ. ರಿಕವರಿ ಕಾಗದದ ಮೇಲೆ 0.1 ವ್ಯತ್ಯಾಸವಾದರೆ ಟನ್ನಿಗೆ 33 ರೂಪಾಯಿ 20 ಪೈಸೆ, ನಲವತ್ತು ಟನ್ ಕಳಿಸಿದವನಿಗೆ 1,328 ರೂಪಾಯಿ. ಆ 0.1 ಎಲ್ಲಿ ಹುಟ್ಟಿತು ಎಂದು ಕೇಳಿದರೆ ಕಾರ್ಖಾನೆಯ ಲ್ಯಾಬಿನ ರಸಾಯನಶಾಸ್ತ್ರ ತಿಳಿಯಬೇಕು. ಕಡಿದ ಕಬ್ಬು ಗಾಡಿಯಲ್ಲಿ ನಿಂತು ಒಣಗಿದರೆ ತೂಕವೂ ಸಕ್ಕರೆಯೂ ಏನಾಗುತ್ತವೆ ಎಂದರೆ ಜೀವಶಾಸ್ತ್ರ. ಕಟಾವು ಮತ್ತು ಸಾಗಣೆ ಖರ್ಚು ಮುರಿದು ಕೈಗೆ ಬರುವುದೆಷ್ಟು ಎಂದರೆ ಲೆಕ್ಕಶಾಸ್ತ್ರ. ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಅದು ಕಾನೂನು. ಸಹಕಾರಿ ಸಂಘದ ಷೇರುದಾರನಿಗೆ ಸಭೆಯಲ್ಲಿ ಏನು ಕೇಳುವ ಹಕ್ಕಿದೆ ಎಂಬುದು ರಾಜ್ಯಶಾಸ್ತ್ರ. ಇದೆಲ್ಲವನ್ನೂ ಒಂದು ತಕರಾರು ಅರ್ಜಿಯಾಗಿ ಬರೆಯಲು ಬೇಕಾದದ್ದು ನೆಟ್ಟಗಿನ ಕನ್ನಡ. ಒಂದೇ ಬಿಲ್ಲಿನಲ್ಲಿ ಮೂರೂ ಸೈಡ್ ಕೂತಿವೆ. ಗಮನಿಸಬೇಕಾದ ಸಂಗತಿ ಎಂದರೆ, ಕಾನೂನನ್ನು ಯಾರಾದರೂ ಓದಿ ಹೇಳಿದರೆ ಅರ್ಥವಾಗುತ್ತದೆ, ಲ್ಯಾಬಿನ ಕೆಲಸವನ್ನು ತೋರಿಸಿದರೆ ತಿಳಿಯುತ್ತದೆ. ದಶಮಾಂಶದ ಬಿಂದು ಜರುಗಿದರೆ ತನ್ನ ಮನೆಗೆ ಏನು ನಷ್ಟ ಎಂಬುದು ಮಾತ್ರ ಅಂಕಿಗೆ ಹೆದರುವವರಿಗೆ ಹೊಳೆಯುವುದೇ ಇಲ್ಲ, ಅವರು ಪ್ರಶ್ನೆಯನ್ನೇ ಕೇಳುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಚೂಪಾದದ್ದು. ಇತಿಹಾಸ, ಸಮಾಜಶಾಸ್ತ್ರಗಳನ್ನು ಆಮೇಲೆ ಕಲಿಯಬಹುದು ಎನ್ನುವುದು ಅವು ಸಸಾರದ ವಿಷಯಗಳು ಎಂದಂತಲ್ಲವೇ? ಕಲಾ ವಿಭಾಗದವರನ್ನು ಮೊದಲೇ ಕೀಳಾಗಿ ಕಾಣುವ ಊರುಗಳಲ್ಲಿ ಇದು ಇನ್ನೊಂದು ಏಟಲ್ಲವೇ? ಒಂದು ವಿಷಯವನ್ನು ತಡವಾಗಿ ಹೊಗಬಹುದು ಎಂದ ಮಾತ್ರಕ್ಕೆ ಅದರಲ್ಲಿ ಆಳಕ್ಕೆ ಇಳಿಯುವುದು ಸುಲಭ ಎಂದಾಗದು. ಶಂಬಾ ಅವರ ಬರವಣಿಗೆಯ ಮುಂದೆ ಕೂತವರಿಗೆ ಅದು ಎಂಥ ಕಠಿಣ ಹಾದಿ ಎಂದು ಗೊತ್ತು. ಅಷ್ಟೇ ಅಲ್ಲ, ಗಣಿತದ ಜೊತೆಗೆ ಇನ್ನೊಂದನ್ನೂ ಬಿಡಬಾರದ ಪಟ್ಟಿಗೆ ನಾನು ಸೇರಿಸುತ್ತೇನೆ: ಒಂದು ಭಾಷೆಯಲ್ಲಿ ಓದಿದ್ದನ್ನು ಗ್ರಹಿಸಿ, ತನ್ನ ಮಾತಿನಲ್ಲಿ ಹತ್ತು ಸಾಲು ಸರಿಯಾಗಿ ಬರೆಯುವ ಶಕ್ತಿ. ಸೈನ್ಸ್ ಮಕ್ಕಳು ಸಿಇಟಿ ತಯಾರಿಯ ಗದ್ದಲದಲ್ಲಿ ಕನ್ನಡ, ಇಂಗ್ಲಿಷ್ ತರಗತಿಗಳನ್ನು ಬಿಡುವಿನ ವೇಳೆ ಎಂದು ತಿಳಿಯುತ್ತಾರೆ. ಪಿಯುಸಿಯ ಆರು ವಿಷಯಗಳಲ್ಲಿ ಎರಡು ಭಾಷೆಗಳು ಎಂಬುದು ಅಂಕಪಟ್ಟಿ ಬಂದಾಗಷ್ಟೇ ನೆನಪಾಗುತ್ತದೆ. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಗುರುತು ಹಾಕುವುದರಲ್ಲೇ ಎರಡು ವರ್ಷ ಕಳೆದವನು ಕೆಎಎಸ್ ಮುಖ್ಯ ಪರೀಕ್ಷೆಯ ಖಾಲಿ ಹಾಳೆಯ ಮುಂದೆ ಕೈಕಟ್ಟಿ ಕೂರುವುದು ಇದರ ಫಲ. ಇತ್ತ ಕಲಾ ವಿಭಾಗದವರು ಅಂಕಿಯನ್ನು ಪೂರ್ತಿ ಬಿಟ್ಟುಬಿಟ್ಟು, ಪಿಡಿಒ ಇರಲಿ, ಪಿಎಸ್‌ಐ ಇರಲಿ, ಯಾವ ಪದವಿಯವರಿಗೂ ತೆರೆದಿರುವ ಪರೀಕ್ಷೆಗಳಲ್ಲಿ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳ ಮುಂದೆ ಮುಗ್ಗರಿಸುತ್ತಾರೆ. ಎರಡೂ ಕಡೆ ನಷ್ಟ ಒಂದೇ ರೀತಿಯದು.

ಮೂರನೆಯದು ಮನೆಮನೆಯ ಮಾತು: ‘ಗಣಿತ ತಲಿಗೆ ಹತ್ತೂದಿಲ್ರಿ, ಅದಕ್ಕ ಆರ್ಟ್ಸ್ ತಗೊಂಡೀನಿ.’ ಹತ್ತುವುದಿಲ್ಲ ಎಂಬ ತೀರ್ಪನ್ನು ಕೊಟ್ಟವರು ಯಾರು ಎಂದು ಕೇಳಿಕೊಳ್ಳಬೇಕು. ಗಣಿತದ ಮಾಸ್ತರರಿಲ್ಲದೆ ಅತಿಥಿ ಶಿಕ್ಷಕರ ದಾರಿ ಕಾಯುತ್ತ ವರ್ಷ ದೂಡಿದ ಹೈಸ್ಕೂಲುಗಳ ಮಕ್ಕಳು ಗಣಿತದಲ್ಲಿ ಸೋತರೆ ಆ ಸೋಲು ಅವರದ್ದೋ? ಹಾಗೆಂದು ಹೆದರಿದ ಮಗುವನ್ನು ಪಿ.ಸಿ.ಎಂ.ಗೆ ಎಳೆಯಿರಿ ಎಂದು ನಾನು ಹೇಳುತ್ತಿಲ್ಲ. ಗಣಿತದ ಸಹವಾಸ ಉಳಿಸಿಕೊಳ್ಳಲು ಅದೊಂದೇ ದಾರಿಯಲ್ಲ. ಕಾಮರ್ಸಿನಲ್ಲಿ ಲೆಕ್ಕಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ ಸಿಗುವ ಕಾಂಬಿನೇಶನ್ ಇದೆ, ಬೇಸಿಕ್ ಮ್ಯಾಥ್ಸ್ ಎಂಬ ವಿಷಯವೇ ಇದೆ. ಅರ್ಥಶಾಸ್ತ್ರವನ್ನು ಚಿತ್ರ, ಕೋಷ್ಟಕ ಬಿಡದೆ ಓದಿದರೆ ಅದೂ ಅರ್ಧ ಗಣಿತವೇ. ಸಾಲ, ಬಡ್ಡಿ, ಸರಾಸರಿ, ಸಂಭವನೀಯತೆ ಇಷ್ಟರ ಜೊತೆ ಸಲುಗೆ ಉಳಿದರೆ ಹತ್ತೊಂಬತ್ತರಲ್ಲಿ ಮನಸ್ಸು ಬದಲಾದಾಗ ತಿರುಗಲು ಜಾಗವಿರುತ್ತದೆ.

ತೀರ ಬಡ ಮನೆಗಳ ಮಾತು ಬೇರೆ ಎನ್ನುವವರೂ ಇದ್ದಾರೆ. ರಾಮದುರ್ಗದ ನೇಕಾರರ ಮನೆಯಲ್ಲಿ ಮಗ ಬೇಗ ದುಡಿಯಬೇಕು, ಅವನಿಗೆ ತೆರೆದ ದಾರಿಗಳ ಚರ್ಚೆ ಬೇಡ, ಐಟಿಐ ಇಲ್ಲವೇ ಡಿಪ್ಲೊಮಾ ಸೇರಿಸಿ ಎನ್ನುತ್ತಾರೆ. ಇದಕ್ಕೆ ನನ್ನ ತಕರಾರಿಲ್ಲ. ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಅದು ದುಡಿಮೆಯ ದಾರಿಯೂ ಹೌದು, ಮೇಲಕ್ಕೆ ಹೋಗುವ ಮೆಟ್ಟಿಲೂ ಹೌದು, ಅಲ್ಲೂ ಮೇಲಕ್ಕೆ ಎತ್ತುವುದು ಗಣಿತವೇ.

ಪದವಿ ಹಂತದಲ್ಲಿ ಸರ್ಕಾರಗಳು ತಾವೇ ಮನಸ್ಸು ಗಟ್ಟಿ ಮಾಡಿಕೊಂಡಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದೇ ಎಂದು ಹೇಳಿಕೊಂಡು ನಾಲ್ಕು ವರ್ಷದ ಪದವಿ ತಂದೆವು. ಬೇರೆ ವಿಭಾಗದ ವಿಷಯವನ್ನೂ ಮುಕ್ತ ಆಯ್ಕೆಯಾಗಿ ಓದಬಹುದು ಎಂದೆವು. 2024ರಲ್ಲಿ ಮರಳಿ ಮೂರು ವರ್ಷ, ಮೂರು ವಿಷಯಗಳಿಗೆ ಬಂದೆವು. ದೊಡ್ಡವರ ಸಮಿತಿಗಳೇ ಮೂರು ವರ್ಷಕ್ಕೊಮ್ಮೆ ಮನಸ್ಸು ಬದಲಿಸುವಾಗ ಹದಿನಾರರ ಹುಡುಗಿಗೆ ಗೊತ್ತಿಲ್ಲ ಎನ್ನುವ ಹಕ್ಕು ಇರಲಿ ಬಿಡಿ. ನನ್ನ ಚಿಂತೆ ಇರುವುದು ಕೆಳಗಿನ ಮೆಟ್ಟಿಲಿನಲ್ಲಿ, ಪಿಯುಸಿಯಲ್ಲಿ. ಇಲಾಖೆಯ ವಿಷಯಪಟ್ಟಿಯಲ್ಲಿ ಸಂಖ್ಯಾಶಾಸ್ತ್ರ, ಬೇಸಿಕ್ ಮ್ಯಾಥ್ಸ್, ತರ್ಕಶಾಸ್ತ್ರ, ಭೂಗೋಳ, ಮನಃಶಾಸ್ತ್ರ ಎಲ್ಲವೂ ಇವೆ. ಊರಿನ ಕಾಲೇಜಿಗೆ ಬಂದರೆ ಉಪನ್ಯಾಸಕರ ಹುದ್ದೆ ಇರುವ ನಾಲ್ಕೇ ವಿಷಯಗಳು. ಉಳಿದವನ್ನು ಕೇಳಿದರೆ ಮಕ್ಕಳು ಬರುವುದಿಲ್ಲ, ಹಾಗಾಗಿ ಹುದ್ದೆ ಕೊಡುವುದಿಲ್ಲ ಎಂಬ ಉತ್ತರ ಬರುತ್ತದೆ. ಹುದ್ದೆ ಇಲ್ಲದ ವಿಷಯಕ್ಕೆ ಮಕ್ಕಳು ಎಲ್ಲಿಂದ ಬಂದಾರು? ಪ್ರವೇಶದ ಜೂನ್ ತಿಂಗಳಲ್ಲಿ ಹತ್ತು ಮನೆಯ ಅಪ್ಪ-ಅವ್ವಂದಿರು ಸೇರಿ, ಇತಿಹಾಸ ಮತ್ತು ಅರ್ಥಶಾಸ್ತ್ರದ ಜೊತೆ ನಮ್ಮ ಮಕ್ಕಳಿಗೆ ಬೇಸಿಕ್ ಮ್ಯಾಥ್ಸ್ ಬೇಕು ಎಂದು ಪ್ರಾಂಶುಪಾಲರಿಗೂ ಶಾಸಕರಿಗೂ ಬರವಣಿಗೆಯಲ್ಲಿ ಕೇಳಿದ್ದು ನಮ್ಮ ಸುತ್ತಿನ ಊರುಗಳಲ್ಲಿ ನನ್ನ ಕಿವಿಗೆ ಬಿದ್ದಿಲ್ಲ. ರಸ್ತೆಗೆ, ಬಸ್ಸಿಗೆ, ಕಬ್ಬಿನ ದರಕ್ಕೆ ಮನವಿ ಕೊಡುವುದು ನಮಗೆ ಚೆನ್ನಾಗಿ ಗೊತ್ತು. ಅದೇ ಕಾಗದದಲ್ಲಿ ಇದನ್ನೂ ಒಂದು ಬೇಡಿಕೆಯಾಗಿ ಸೇರಿಸಲು ಬರುತ್ತದೆ.